ಮರೆವಿಗೆ ಗಿಂಕೊ ಮಾತ್ರೆ: ಸತ್ಯಾಂಶ ಏನು?

ಹಾಸನದ ಕಡೆ ಮನೆಮಂದಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಆಗಾಗ ತಿರುಗಿ ಬರುತ್ತದೆ. ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ, ಶುರುವಿನಲ್ಲೇ ಇದ್ದರೆ ಗಿಂಕೊ ಎಂಬ ಮರದ ಎಲೆಯ ಸಾರದ ಮಾತ್ರೆಯಿಂದ ವಾಸಿಯಾಗುತ್ತದೆ ಎಂದು. ಇದು ನಿಜವಲ್ಲ. ಡಿಮೆನ್ಷಿಯಾ ವಾಸಿ ಮಾಡುವ ಸಪ್ಲಿಮೆಂಟ್ (ಊಟಕ್ಕೆ ಪೂರಕವಾಗಿ ಮಾರುವ ಮಾತ್ರೆ, ಪುಡಿ) ಯಾವುದೂ ಇಲ್ಲ.

ಅಮೆರಿಕದಲ್ಲಿ 75 ವರ್ಷ ಮತ್ತು ಅದಕ್ಕೂ ಹೆಚ್ಚಿನ ವಯಸ್ಸಿನ 3,069 ಜನರಲ್ಲಿ ಕೆಲವರಿಗೆ ಗಿಂಕೊ, ಉಳಿದವರಿಗೆ ನೋಡಲು ಅದೇ ಥರ ಇರುವ ಖಾಲಿ ಮಾತ್ರೆ ಕೊಟ್ಟು ಸುಮಾರು 6 ವರ್ಷ ಗಮನಿಸಿದರು, ಆಗಲೇ ಸ್ವಲ್ಪ ಮರೆವು ಇದ್ದವರೂ ಅದರಲ್ಲಿದ್ದರು. 2008ರಲ್ಲಿ ಫಲಿತಾಂಶ ಬಂತು. ಗಿಂಕೊ ತಿಂದವರಲ್ಲಿ ಡಿಮೆನ್ಷಿಯಾ ಕಡಿಮೆಯಾಗಿರಲಿಲ್ಲ. ಮೇಲಾಗಿ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವ ಹಿರಿಯರಿಗೆ ಗಿಂಕೊದಿಂದ ರಕ್ತಸ್ರಾವದ ಅಪಾಯ ಜಾಸ್ತಿಯಾಗಬಹುದು.

ನೆನಪಿಗೆ ಒಳ್ಳೆಯದು ಅನ್ನುವ ನಮ್ಮ ಒಂದೆಲಗದ ತಂಬುಳಿ? ಖಂಡಿತ ಉಣ್ಣಿ, ಊಟವಾಗಿ, ಮರೆವಿನ ಔಷಧವಾಗಿ ಅಲ್ಲ.

ಇಂಥ ಸಂದೇಶ ಬಂದಾಗ ನೀವೇ ಪರೀಕ್ಷಿಸಬಹುದು. ಎಷ್ಟು ಜನರ ಮೇಲೆ, ಎಷ್ಟು ಕಾಲ ನೋಡಿದರು, ಖಾಲಿ ಮಾತ್ರೆ ಜೊತೆ ಹೋಲಿಸಿದರಾ? ಅದು ಹೇಳದೆ ಸುಮ್ನೆ 'ವಿಜ್ಞಾನಿಗಳು ಹೇಳಿದ್ದಾರೆ' ಅಂದರೆ ನಂಬಬೇಡಿ. ಡಬ್ಬಿ ತಿರುಗಿಸಿ ಓದಿ, ನಮ್ಮ ದೇಶದಲ್ಲಿ ಸಪ್ಲಿಮೆಂಟ್ ಮೇಲೆ 'ಔಷಧವಾಗಿ ಬಳಸಲು ಅಲ್ಲ' ಎಂಬರ್ಥದ ಸಾಲು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು.

ಇಂಥ ಸಂದೇಶ ಹಂಚುವವರು ಅಪ್ಪ ಅಮ್ಮನ ಮೇಲಿನ ಕಾಳಜಿಯಿಂದಲೇ ಹಂಚುತ್ತಾರೆ, ಅಲ್ವಾ? ಆದರೆ ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ತಿನ್ನುತ್ತಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ.