ಬೆನ್ನಿಗೆ ಯುದ್ಧ, ಒಳಗೆ ಊಟದ ಡಬ್ಬಿ

ಇವತ್ತು ಬೆಳಿಗ್ಗೆ ಕಚೇರಿಯ ಲಿಫ್ಟ್‌ನಲ್ಲಿ ಸೈನಿಕರ ಚೀಲದ ಮಾದರಿಯ ಒಂದು ಬ್ಯಾಗ್ ನನ್ನ ಹೊಟ್ಟೆಗೆ ಗುದ್ದಿತು. ಹೊತ್ತವರಿಗೆ ಅದು ಗೊತ್ತೂ ಆಗಲಿಲ್ಲ. ಮರಳುಗಾಡಿನ ಬಣ್ಣ, ಮೈತುಂಬ ಪಟ್ಟಿಗಳು, ಎದೆಗೊಂದು ಬಕಲ್, ಸೊಂಟಕ್ಕೊಂದು ಬಕಲ್. ಒಳಗಿದ್ದದ್ದು ಊಟದ ಡಬ್ಬಿ, ಸದ್ದಿನಲ್ಲೇ ತಿಳಿಯಿತು. ಭುಜದ ಪಟ್ಟಿ ಸಡಿಲ ಬಿಟ್ಟು ಇಡೀ ಚೀಲವನ್ನು ಸೊಂಟದ ಕೆಳಗೆ ಜೋತುಬಿಟ್ಟಿದ್ದರು.

ಆ ಅಡ್ಡಪಟ್ಟಿಗಳ ಏರ್ಪಾಡಿಗೆ ‘ಮೋಲಿ’ ಎನ್ನುತ್ತಾರೆ. ಒಂದಂಗುಲ ಅಗಲದ ಪಟ್ಟಿ, ಒಂದಂಗುಲ ಬಿಟ್ಟು ಇನ್ನೊಂದು, ಒಂದೂವರೆ ಅಂಗುಲಕ್ಕೊಂದು ಹೊಲಿಗೆ. ಸೈನಿಕ ತನ್ನ ಔಷಧಿ ಚೀಲವನ್ನೋ ಗುಂಡಿನ ಚೀಲವನ್ನೋ ಬೇಕಾದಲ್ಲಿ ಹೆಣೆದುಕೊಳ್ಳಲಿ ಎಂದು ಹಾಕಿದ ಲೆಕ್ಕ. ನಮ್ಮವರು ಅದಕ್ಕೆ ಸಿಕ್ಕಿಸುವುದೇನು? ಗಾಳಿ.

ಭಾರ ಹೊತ್ತು ನಡೆಯುವ ಹುಚ್ಚಿಗೆ ಬಿದ್ದು ನಾನು ನಿಮ್ಮೆಲ್ಲರ ತಲೆ ತಿಂದಿದ್ದೇನೆ, ಗೊತ್ತಿದೆ. ಇನ್ನೊಮ್ಮೆ ತಿನ್ನುತ್ತೇನೆ. ಅಮೆರಿಕದ ಪದಾತಿ ಸೈನಿಕರ ಒಂದು ಪರೀಕ್ಷೆಯಲ್ಲಿ ಸುಮಾರು 16 ಕಿಲೋ ಹೊತ್ತು 12 ಮೈಲಿಯನ್ನು 3 ಗಂಟೆಯೊಳಗೆ ನಡೆದು ಮುಗಿಸಬೇಕು. ಅಲ್ಲಿ ಭಾರ ಬೆನ್ನಿಗೆ ಅಂಟಿಕೊಂಡು, ಭುಜದ ಮೂಳೆಗಳ ನಡುವೆ ಕುಳಿತಿರಬೇಕು. ಕೆಳಗೆ ಜಾರಿತೋ, ಅದು ಹಿಂದಕ್ಕೆ ಎಳೆಯುತ್ತದೆ, ನಾವು ಮುಂದಕ್ಕೆ ಬಾಗುತ್ತೇವೆ, ಸಂಜೆಯ ಹೊತ್ತಿಗೆ ಸೊಂಟ ತಕರಾರು ತೆಗೆಯುತ್ತದೆ. ಪಟ್ಟಿಯನ್ನು ಬಿಗಿಯಲು ಕೊಟ್ಟಿರುವುದು ಇದಕ್ಕೇ!

‘ಬಟ್ಟೆ ಗಟ್ಟಿ, ಹತ್ತು ವರ್ಷ ಬಾಳುತ್ತದೆ’ ಎನ್ನುವಿರಿ. 1000 ಡೆನಿಯರ್ (ನೂಲಿನ ದಪ್ಪದ ಅಳತೆ) ನೈಲಾನ್ ಗಟ್ಟಿಯೇ, ಒಪ್ಪಿದೆ. ಬಂಡೆಗೆ ಉಜ್ಜಿದರೂ ಬೇಗ ಹರಿಯುವುದಿಲ್ಲ. ಆದರೆ ಮೇಜಿನಿಂದ ಲಿಫ್ಟ್‌ವರೆಗೆ ಬಂಡೆ ಎಲ್ಲಿದೆ ಸ್ವಾಮಿ? ಆ ಗಟ್ಟಿತನದ ತೂಕವನ್ನು ದಿನವೂ ಹೊರುವವರು ನೀವೇ. (ಅದೂ ವ್ಯಾಯಾಮವೇ ಎಂದು ಕೆಳಗೆ ಬರೆಯಬೇಡಿ.)

ಸರಿ, ನನ್ನ ಬಂಡವಾಳವನ್ನೂ ಬಿಚ್ಚುತ್ತೇನೆ. ಭಾರ ಹೊತ್ತು ನಡೆಯಲು ಕಲಿಯುವ ಮೊದಲೇ ಅಂಥದ್ದೊಂದು ಕಪ್ಪು ಚೀಲ ಕೊಂಡವನು ನಾನು. ಕನ್ನಡಿಯ ಮುಂದೆಯೂ ನಿಂತೆ, ಎರಡು ಬಾರಿ. ದೇಹತೂಕದ ಹತ್ತನೇ ಒಂದು ಭಾಗದಿಂದ ಆರಂಭಿಸು ಎಂದು ಬಲ್ಲವರು ಹೇಳಿದ್ದರು. ಮೊದಲ ದಿನವೇ 20 ಕಿಲೋ ತುಂಬಿದೆ. ಎರಡು ವಾರ ಮಂಡಿ ಹಿಡಿದುಕೊಂಡೇ ಮೆಟ್ಟಿಲು ಇಳಿದೆ. ಈಗ ಹೊರುವುದು 8 ಕಿಲೋ, ಮಗಳ ಹಳೆಯ ಶಾಲಾ ಚೀಲದಲ್ಲಿ: ತಳಕ್ಕೊಂದು ದಿಂಬು, ಅದರ ಮೇಲೆ ಟವೆಲ್ ಸುತ್ತಿದ ನಿಘಂಟುಗಳು. ಚೀಲದ ಮೇಲೊಂದು ಗುಲಾಬಿ ಬಣ್ಣದ ಮೊಲವಿದೆ. ಕಪ್ಪು ಚೀಲ ಅಟ್ಟದಲ್ಲಿದೆ. ಅದರ ಪಟ್ಟಿಗೆ ನಾನು ಇದುವರೆಗೆ ಸಿಕ್ಕಿಸಿದ್ದು ಒಂದೇ ಒಂದು ಛತ್ರಿ.

ಲಿಫ್ಟ್‌ನಿಂದ ಇಳಿಯುವಾಗ ತಡೆಯಲಾರದೆ, ‘ಪಟ್ಟಿ ಸ್ವಲ್ಪ ಬಿಗಿ ಮಾಡಿಕೊಳ್ಳಿ, ಬೆನ್ನಿಗೆ ಒಳ್ಳೆಯದು’ ಎಂದೆ.

‘ಬಿಗಿ ಮಾಡಿದರೆ ನೋಡಲು ಚೆನ್ನಾಗಿರುವುದಿಲ್ಲ ಸರ್’ ಎಂದರು.