ಕಾಠ್‌ಕುಣಿಯ ಕಾಟ

ನಮ್ಮ ಭಾವ ಇರುವುದು ಮುಂಬೈಯ ಮುಲುಂಡ್‌ನಲ್ಲಿ, 22ನೇ ಮಹಡಿ. ಈ ಮೇ ತಿಂಗಳು ಹಿಮಾಚಲದ ಕುಲ್ಲುಗೆ ಹೋಗಿ ಬಂದವರಿಗೆ ಒಂದೇ ಸಂಕಟ.

"ಹಳ್ಳಿಯವರು ಮರದ ಮನೆ ಕೆಡವಿ ಕಾಂಕ್ರೀಟ್ ಹಾಕ್ತಿದ್ದಾರೆ ಮಾರಾಯ! ಎಂಥ ಮನೆಗಳು!"

"ಭಾವ, ನೀವು ಉಳಿದದ್ದು ಅಂಥ ಮನೆಯಲ್ಲೇ ಅಲ್ವಾ?"

"ಛೆ, ಅಲ್ಲಿ ತಲೆ ಬಗ್ಗಿಸಿ ಒಳಗೆ ಹೋಗ್ಬೇಕು. ಅಟ್ಯಾಚ್ ಬಾತ್‌ರೂಮ್ ಬೇರೆ ಇಲ್ಲ."

ಆ ಮನೆಗಳಿಗೆ ಕಾಠ್‌ಕುಣಿ ಅಂತ ಹೆಸರು. ಕಾಠ್ ಅಂದರೆ ಮರ, ಕುಣಿ ಅಂದರೆ ಮೂಲೆ. ನನಗೇನೋ ಕನ್ನಡದ ಅರ್ಥವೇ ಜಾಸ್ತಿ ಸರಿ ಅನ್ನಿಸುತ್ತದೆ. ಒಂದು ಸಾಲು ದೇವದಾರು ತೊಲೆ, ಒಂದು ಸಾಲು ಕಲ್ಲು. ನಡುವೆ ಸಿಮೆಂಟೂ ಇಲ್ಲ, ಗಾರೆಯೂ ಇಲ್ಲ. ಮೂಲೆಯಲ್ಲಿ ತೊಲೆಗಳು ಒಂದರ ಮೇಲೊಂದು ಅಡ್ಡ ಕೂತಿರುತ್ತವೆ. ನೆಲ ಅಲುಗಿದರೆ ಮನೆಯೂ ಒಂಚೂರು ಕುಣಿದು ಮತ್ತೆ ಸುಮ್ಮನಾಗುತ್ತದೆ. ನಗ್ಗರ್ ಕೋಟೆ 1905ರ ಕಾಂಗ್ರಾ ಭೂಕಂಪವನ್ನು ಹೀಗೇ ದಾಟಿತು. ಅದೇ ಕುಲ್ಲು ಜಿಲ್ಲೆಯ ಆನಿಯಲ್ಲಿ, 2023ರ ಆಗಸ್ಟ್ ಮಳೆಗೆ, ಕಾಂಕ್ರೀಟಿನ ಬಹುಮಹಡಿ ಕಟ್ಟಡಗಳು ಸಾಲಾಗಿ ಕುಸಿದು ಕೂತವು. ಅವಕ್ಕೆ ನಾವು 'ಪಕ್ಕಾ' ಮನೆ ಅನ್ನುತ್ತೇವೆ.

ಹಾಗಾದರೆ ಹಳ್ಳಿಯವರಿಗೆ ಇದು ಗೊತ್ತಿಲ್ವಾ? ಚೆನ್ನಾಗಿ ಗೊತ್ತಿದೆ. ಆದರೆ ದೇವದಾರು ಬೇಕೆಂದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಕಾಯಬೇಕು. ಸಿಮೆಂಟಿಗೆ ಅರ್ಜಿ ಬೇಡ, ಲಾರಿ ಬರುವಷ್ಟು ರಸ್ತೆ ಇದ್ದರೆ ಆಯಿತು. ಕಟ್ಟಿದ ಮೇಲೆ ಹೊರಗೆ ಮರದ ಬಣ್ಣ ಬಳಿದು 'ಹೆರಿಟೇಜ್ ಹೋಮ್‌ಸ್ಟೇ' ಬೋರ್ಡು ಹಾಕಿದರೆ ಭಾವನಂಥವರು ಬಂದು ಇಳಿಯುತ್ತಾರೆ.

"ನಾವಾದ್ರೂ ಉಳಿಸ್ಕೊಳ್ಬೇಕಪ್ಪ" ಅಂದರು ಭಾವ. ಉಳಿಸಿಯೂ ಇದ್ದರು. ಜೋಗೇಶ್ವರಿಯ ಫರ್ನಿಚರ್ ಬಜಾರಿನಿಂದ ಯಾರದೋ ಮನೆಯ ಬಾಗಿಲು ತಂದು, ಕಾಲು ಹಚ್ಚಿ, ಮೇಲೆ ಗಾಜು ಹಾಸಿ ಟೀಪಾಯಿ ಮಾಡಿಸಿದ್ದಾರೆ. ಚಿಲಕ ಹಾಗೇ ಇದೆ. ಪಕ್ಕದಲ್ಲಿ ಮಸಿಯಿಂದ ಗೀಚಿದ ಹಾಲಿನ ಲೆಕ್ಕ, ಅದೂ ಕನ್ನಡದಲ್ಲಿ: ಸೋಮವಾರ ಅರ್ಧ ಸೇರು, ಮಂಗಳವಾರ ಇಲ್ಲ. ಅಕ್ಕ ಆ ಮಂಗಳವಾರದ ಮೇಲೇ ಚಹಾದ ಕಪ್ಪು ಇಟ್ಟಳು.

"ತೀರ್ಥಹಳ್ಳಿ ಮನೆ ಹೇಗಿದೆ ಭಾವ? ಆ ಹಲಸಿನ ಕಂಬಗಳು?"

"ಅದಾ? ಕೆಡವಿ ಆರ್‌ಸಿಸಿ ಹಾಕ್ಸಿದ್ವಲ್ಲ. ಗೆದ್ದಲು ಮಾರಾಯ, ಯಾರು ನೋಡ್ಕೊಳ್ತಾರೆ?" ಅನ್ನುತ್ತಾ ಮೊಬೈಲ್ ಮುಂದೆ ಹಿಡಿದರು. "ಜಗಲಿಗೆ ಮರದ ಡಿಸೈನಿನ ಟೈಲ್ಸ್. ಥೇಟ್ ಹಲಸೇ, ನೋಡು."

ನೋಡಿದೆ. ಪ್ರತಿ ಟೈಲ್ಸಿನಲ್ಲೂ, ಎಡಗಡೆ ಅದೇ ಜಾಗದಲ್ಲಿ, ಅದೇ ಒಂದು ಗಂಟು.