ಮನೆಯ ವಿಡಿಯೊ ಎಡಿಟಿಂಗ್‌ಗೆ ಇಂಟೆಲ್‌ನ ಐ5-12400 ಪ್ರೊಸೆಸರ್ ಸಾಕೇ?

ಪರ: ಸಾಕು, ಆದರೆ ‘ಎಫ್’ ಬೇಡ

ನಾಮಕರಣ, ಗೃಹಪ್ರವೇಶ, ಮಕ್ಕಳ ಶಾಲೆಯ ಡಾನ್ಸು. ಮನೆಯಲ್ಲಿ ಎಡಿಟ್ ಮಾಡುವುದು ಹೆಚ್ಚಾಗಿ ಇಂಥವನ್ನೇ. ಕತ್ತರಿಸಬೇಕು, ಜೋಡಿಸಬೇಕು, ಹಾಡು ಹಾಕಬೇಕು. ಇಷ್ಟಕ್ಕೇ ಕಂಪ್ಯೂಟರ್ ಏದುಸಿರು ಬಿಟ್ಟರೆ ಕಾರಣ ಎಫೆಕ್ಟ್‌ಗಳಲ್ಲ, ಫೈಲನ್ನು ಬಿಡಿಸಿ ಓದುವ ಕಷ್ಟ. ಎಚ್.265 (ವಿಡಿಯೊ ಕುಗ್ಗಿಸಿಡುವ ಒಂದು ವಿಧಾನ) ಫೈಲು ಜಾಗ ಉಳಿಸಲು ಒಂದು ಪೂರ್ತಿ ಚಿತ್ರ ಇಟ್ಟುಕೊಂಡು, ಮುಂದಿನ ಹತ್ತಾರು ಫ್ರೇಮುಗಳಲ್ಲಿ ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಟೈಮ್‌ಲೈನಿನಲ್ಲಿ ‘ಜೆ’ ಒತ್ತಿ ಹಿಂದಕ್ಕೆ ಓಡಿಸಿ ನೋಡಿ. ಒಂದು ಫ್ರೇಮು ತೋರಿಸಬೇಕೆಂದರೂ ಅದರ ಹಿಂದಿನ ಪೂರ್ತಿ ಚಿತ್ರದಿಂದ ಲೆಕ್ಕ ಹಾಕಿಕೊಂಡು ಬರಬೇಕು. ಚಿತ್ರ ತಡವರಿಸುವುದು ಅಲ್ಲೇ.

ಈ ಲೆಕ್ಕಕ್ಕೆಂದೇ ಇಂಟೆಲ್ 2011ರಿಂದ ತನ್ನ ಪ್ರೊಸೆಸರುಗಳ ಗ್ರಾಫಿಕ್ಸ್ ಭಾಗದಲ್ಲಿ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ಸರ್ಕ್ಯೂಟ್ ಇಡುತ್ತ ಬಂದಿದೆ. 12400ರ ಯುಎಚ್‌ಡಿ 730 ಗ್ರಾಫಿಕ್ಸ್, ಒಳ್ಳೆಯ ಕ್ಯಾಮೆರಾಗಳು ಕೊಡುವ 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚಿರುವ) ಎಚ್.265 ಫೈಲನ್ನೂ ಬಿಡಿಸುತ್ತದೆ. ಎಎಂಡಿ ಕಂಪನಿಯ ರೈಜನ್ 5 7600 ಪ್ರೊಸೆಸರಿನ ಗ್ರಾಫಿಕ್ಸ್‌ಗೆ ಅದು ಸಾಧ್ಯವಿಲ್ಲ. ಎನ್‌ವಿಡಿಯಾ ಕಾರ್ಡುಗಳಿಗೂ ಈ ಶಕ್ತಿ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲೇ.

ಹಾಗಾಗಿ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ ಕೊಟೇಶನ್ ಬರೆಸುವಾಗ ಕೊನೆಯ ಅಕ್ಷರವನ್ನು ಕಣ್ಣಿಟ್ಟು ನೋಡಿ. 12400ಎಫ್‌ನಲ್ಲೂ ಅದೇ 6 ಕೋರ್, ಅದೇ 12 ಥ್ರೆಡ್. ಆದರೆ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ಸ್ವಲ್ಪ ದುಡ್ಡು ಉಳಿಸಲು ಹೋಗಿ ಎಡಿಟಿಂಗ್‌ಗೆ ಬೇಕಾದ ಭಾಗವನ್ನೇ ಬಿಟ್ಟು ಬಂದಂತಾಗುತ್ತದೆ.

ಮುಂದೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಕೆಲವು ಮದರ್‌ಬೋರ್ಡುಗಳು ಪ್ರೊಸೆಸರಿನ ಒಳಗಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡಿಬಿಡುತ್ತವೆ. ಬಯಾಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪುಟ) ಹೋಗಿ ‘ಇಂಟರ್ನಲ್ ಗ್ರಾಫಿಕ್ಸ್’ ಎಂಬುದನ್ನು ಎನೇಬಲ್ ಮಾಡಿ. ಪ್ರೀಮಿಯರ್ ಪ್ರೊ ಬಳಸುವವರು ಪ್ರಿಫರೆನ್ಸಸ್‌ನ ಮೀಡಿಯಾ ವಿಭಾಗದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್‌ಗೆ ಟಿಕ್ ಹಾಕಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಬೇಕು. ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟ ತೆರೆದಿಟ್ಟು ವಿಡಿಯೊ ಓಡಿಸಿ. ‘ವಿಡಿಯೊ ಡಿಕೋಡ್’ ಗೆರೆ ಮೇಲೇಳದಿದ್ದರೆ ಎಲ್ಲೋ ಒಂದು ಸೆಟ್ಟಿಂಗ್ ತಪ್ಪಿದೆ ಎಂದೇ ಅರ್ಥ. ರ್‍ಯಾಮ್ 16 ಜಿಬಿ ಇರಲಿ, ಅದೂ 8ರ ಎರಡು ಸ್ಟಿಕ್. ಒಳಗಿನ ಗ್ರಾಫಿಕ್ಸ್ ಇದೇ ರ್‍ಯಾಮನ್ನು ಹಂಚಿಕೊಳ್ಳುವುದರಿಂದ ಒಂದೇ ಸ್ಟಿಕ್ ಹಾಕಿದರೆ ಡೇಟಾ ಓಡಾಡುವ ಅರ್ಧ ದಾರಿ ಮುಚ್ಚಿದಂತೆ.

ವಿರೋಧ: ಇವತ್ತಿಗೆ ಸಾಕು, ನಾಳೆಗೆ?

12400 ಕೆಟ್ಟ ಪ್ರೊಸೆಸರ್ ಅಂತ ನಾನೂ ಹೇಳುವುದಿಲ್ಲ. ಆದರೆ 4:2:2 ಎಂಬುದು ಮದುವೆ ಸ್ಟುಡಿಯೊದವರ ಚಿಂತೆ. ಫೋನಿನಲ್ಲಿ ತೆಗೆದ ವಿಡಿಯೊ ಸಾಮಾನ್ಯವಾಗಿ ಬಣ್ಣದ ವಿವರ ಕಡಿಮೆಯಿರುವ 4:2:0. ಅದನ್ನು ರೈಜನ್ 5 7600ರ ಪುಟ್ಟ ಗ್ರಾಫಿಕ್ಸೂ ಬಿಡಿಸುತ್ತದೆ. ಅಪರೂಪಕ್ಕೆ ದೊಡ್ಡ ಕ್ಯಾಮೆರಾದ ಫೈಲು ಬಂದರೆ 720ಪಿ ಪ್ರಾಕ್ಸಿ (ಎಡಿಟ್ ಮಾಡುವಾಗ ಮಾತ್ರ ಬಳಸುವ ಹಗುರ ನಕಲು) ಮಾಡಿಕೊಂಡರಾಯಿತು.

ನನ್ನ ತಕರಾರು ಸಾಕೆಟ್ಟಿನದು, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ್ದು. 12400 ಕೂರುವ ಎಲ್‌ಜಿಎ 1700 ಸಾಕೆಟ್ 14ನೇ ಪೀಳಿಗೆಗೆ ನಿಂತಿತು. 2024ರ ಅಕ್ಟೋಬರಿನಲ್ಲಿ ಇಂಟೆಲ್ ಎಲ್‌ಜಿಎ 1851ಕ್ಕೆ ಹೋಯಿತು. ಅದರ ಪ್ರೊಸೆಸರ್ ಬೇಕೆಂದರೆ ಬೋರ್ಡೂ ಹೊಸದೇ. 7600 ಕೂರುವ ಎಎಂ5 ಸಾಕೆಟ್ಟಿಗೆ 2027ರವರೆಗೂ, ಅದರಾಚೆಗೂ ಬೆಂಬಲ ಎಂದು ಎಎಂಡಿ ಹೇಳಿದೆ. ಹಿಂದಿನ ಎಎಂ4ರಲ್ಲಿ 2017ರ ಹಲವು ಬೋರ್ಡುಗಳಿಗೆ ಬಯಾಸ್ ಅಪ್‌ಡೇಟ್ ಮಾಡಿ 5000 ಸರಣಿಯ ರೈಜನ್ ಕೂರಿಸಲು ಆಗಿದೆ.

ಎಎಂ5ಕ್ಕೆ ಡಿಡಿಆರ್5 ರ್‍ಯಾಮೇ ಆಗಬೇಕು, ಆ ಖರ್ಚು ತಪ್ಪುವುದಿಲ್ಲ. ಹಳೆಯ ಡಿಡಿಆರ್4 ಸ್ಟಿಕ್ಕುಗಳು ಮನೆಯಲ್ಲಿದ್ದರೆ ಲೆಕ್ಕ 12400ರ ಕಡೆಗೇ ವಾಲುತ್ತದೆ. ಇನ್ನೊಂದು ವಿಷಯ: ಎಎಂ5 ಬೋರ್ಡನ್ನು ಮೊದಲ ಸಲ ಆನ್ ಮಾಡಿದಾಗ ರ್‍ಯಾಮ್ ಹೊಂದಿಸಿಕೊಳ್ಳಲು ಅದಕ್ಕೆ ಕೆಲವು ನಿಮಿಷ ಹಿಡಿಯಬಹುದು. ಪರದೆ ಕಪ್ಪಗಿದೆ ಎಂದು ಗಾಬರಿಯಾಗಿ ಸ್ವಿಚ್ ಆರಿಸಬೇಡಿ, ಫ್ಯಾನ್ ತಿರುಗುತ್ತಿದ್ದರೆ ಕಾಯಿರಿ.